2008ರ ಎರಡು ಡ್ರೈವರ್‌ಗಳು: ಒಂದನ್ನು ಉಳಿಸಿದೆ, ಇನ್ನೊಂದನ್ನು ಕಿತ್ತುಹಾಕಿದೆ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. "ಸರ, ನಿನ್ನೆ ಸಂಜಿಮಟ ಚಲೋ ಇತ್ತ್ರಿ. ಈಗ ಕಂಪ್ಯೂಟರ್‌ನ್ಯಾಗ ತೂಕನ ಬರವಲ್ದು. ಹೊರಗ ಆರು ಗಾಡಿ ನಿಂತಾವ, ಲಗೂನ ಬರ್ರಿ."

ಬ್ಯಾಡಗಿ ಹತ್ತಿರದ ಒಂದು ವೇಬ್ರಿಜ್. ಮೆಣಸಿನಕಾಯಿ ಸೀಸನ್. ಇಂಥ ಹೊತ್ತಲ್ಲಿ ತೂಕ ನಿಂತರೆ ಡ್ರೈವರ್‌ಗಳು ಸುಮ್ನೆ ಇರುವುದಿಲ್ಲ, ಹಾರ್ನ್ ಹೊಡೆಯಲು ಶುರುಮಾಡುತ್ತಾರೆ. ಇದೊಂದು ಸಲ ಮಾತ್ರ ಲಾರಿ ಡ್ರೈವರ್. ಇನ್ನು ಮುಂದೆ ನಾನು ಡ್ರೈವರ್ ಅಂದರೆ ಕಂಪ್ಯೂಟರಿನದು, ಅಂದರೆ ಒಂದು ಸಾಧನದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್.

ಹೋಗಿ ನೋಡಿದೆ. ತೂಕದ ಕಟ್ಟೆಯ ಮೇಲೆ ಲಾರಿ ನಿಂತಿದೆ. ಗೋಡೆಯ ಇಂಡಿಕೇಟರ್‌ನಲ್ಲಿ ಕೆಂಪು ಅಂಕಿ ಸರಿಯಾಗೇ ಬರುತ್ತಿದೆ. ಕಂಪ್ಯೂಟರ್ ಪರದೆಯಲ್ಲಿ ಮಾತ್ರ ಸೊನ್ನೆ. ಅಂದರೆ ಕಟ್ಟೆಯ ಕೆಳಗೆ ಭಾರ ಅಳೆಯುವ ಲೋಡ್‌ಸೆಲ್ ಸರಿ ಇದೆ, ಇಂಡಿಕೇಟರ್ ಸರಿ ಇದೆ. ತೊಂದರೆ ಇರುವುದು ಅಲ್ಲಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ. ಆ ದಾರಿ ಅಂದರೆ ಒಂದು ಸೀರಿಯಲ್ ಕೇಬಲ್, ಅದರ ತುದಿಗೆ ಸಿಕ್ಕಿಸಿದ ಯುಎಸ್‌ಬಿ ಕನ್ವರ್ಟರ್. ಆ ಕನ್ವರ್ಟರ್‌ನ ಮೇಲಿದ್ದ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಹತ್ತು ವರ್ಷದ್ದಾದರೂ ಇರಬೇಕು.

ನಾನು ಹೋಗುವ ಹೊತ್ತಿಗೆ ಮಾಲೀಕರ ಅಕ್ಕನ ಮಗ ರಿಪೇರಿ ಶುರು ಮಾಡಿಬಿಟ್ಟಿದ್ದ. ಯಾವುದೋ ವಿಡಿಯೋ ನೋಡಿದ್ದನಂತೆ. ಹಳೇ ಡ್ರೈವರ್‌ಗಳಿಂದಲೇ ಎಲ್ಲಾ ತೊಂದರೆ, ತಾರೀಖು ನೋಡಿ ಹಳೇವನ್ನೆಲ್ಲ ತೆಗೆದುಬಿಡಿ ಅಂತ ಅದರಲ್ಲಿ ಹೇಳಿದ್ದರಂತೆ. ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು, ಸಿಸ್ಟಮ್ ಡಿವೈಸಸ್ ಅಡಿಯಲ್ಲಿ ಒಂದನ್ನು ಹಿಡಿದು ಕೂತಿದ್ದ. ಡ್ರೈವರ್ ತಾರೀಖು 18-7-1968.

"ನೋಡ್ರಿ ಸರ, ಐವತ್ತು ವರ್ಷದ ಹಿಂದಿನದು. ಇದನ್ನ ತಗದಬಿಡೂಣೇನ್ರಿ?"

ಕೈ ಮುಗಿದು ಮೌಸ್ ಇಸಿದುಕೊಂಡೆ.

ತಾರೀಖು ನಂಬಬೇಡಿ

1968ರಲ್ಲಿ ವಿಂಡೋಸ್ ಎಲ್ಲಿತ್ತು? ಅದು ಇಂಟೆಲ್ ಕಂಪನಿ ಹುಟ್ಟಿದ ದಿನ. ತನ್ನ ಚಿಪ್‌ಸೆಟ್, ಅಂದರೆ ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳ, ಡ್ರೈವರ್‌ಗಳಿಗೆ ಇಂಟೆಲ್ ಬೇಕಂತಲೇ ಆ ತಾರೀಖು ಹಾಕುತ್ತದೆ. ಕಾರಣ ಇಷ್ಟೆ. ಒಂದೇ ಸಾಧನಕ್ಕೆ ಎರಡು ಡ್ರೈವರ್ ಇದ್ದರೆ ವಿಂಡೋಸ್ ಮೊದಲು ಯಾವುದು ಆ ಸಾಧನಕ್ಕೆ ಚೆನ್ನಾಗಿ ಹೊಂದುತ್ತದೆ ಅಂತ ನೋಡುತ್ತದೆ. ಎರಡೂ ಒಂದೇ ಥರ ಹೊಂದಿದರೆ ಆಗ ತಾರೀಖು ನೋಡಿ ಹೊಸದನ್ನು ಎತ್ತಿಕೊಳ್ಳುತ್ತದೆ. ಚಿಪ್‌ಸೆಟ್‌ನದು ಬರೀ ಸಾಧನಕ್ಕೆ ಹೆಸರಿಡುವ ಫೈಲ್. ಅದು ಬೇರೆ ಯಾವ ಒಳ್ಳೆ ಡ್ರೈವರ್‌ಗೂ ಅಡ್ಡ ಬರಬಾರದು. ಅದಕ್ಕೆ ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆ.

ಮೈಕ್ರೋಸಾಫ್ಟ್ ಮಾಡಿರುವುದೂ ಇದೇ ಉಪಾಯ. ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳಲ್ಲಿ ಬಹಳಷ್ಟಕ್ಕೆ ತಾರೀಖು 21-6-2006. ಇವತ್ತು ಹೊಸ ಲ್ಯಾಪ್‌ಟಾಪ್ ತಂದು ತೆರೆದರೂ ಕೀಬೋರ್ಡ್, ಮೌಸ್, ಹಾರ್ಡ್ ಡಿಸ್ಕ್ ಎಲ್ಲದರಲ್ಲೂ ಅದೇ ಕಾಣುತ್ತದೆ. ಫೈಲ್ ಹೊಸದೇ, ತಾರೀಖು ಮಾತ್ರ ಹಳೇದು. ಇವುಗಳ ಪಕ್ಕದಲ್ಲಿ ಆವೃತ್ತಿ ಸಂಖ್ಯೆ ನೋಡಿ. ಅದು ನಿಮ್ಮ ವಿಂಡೋಸ್‌ನ ಬಿಲ್ಡ್ ಸಂಖ್ಯೆಗೆ ಹತ್ತಿರ ಇರುತ್ತದೆ. ಇವನ್ನು ತೆಗೆಯುವ ಮಾತೇ ಇಲ್ಲ.

ಹಾಗಾದರೆ ಯಾವುದು ನಿಜವಾಗಿ ಹಳೇದು? ನನ್ನ ಲೆಕ್ಕದಲ್ಲಿ ಹಳೇದು ಅನ್ನುವುದು ದೋಷವೇ ಅಲ್ಲ. ಆ ಡ್ರೈವರ್ ಮೇಲೆ ಈಗ ಯಾವ ಸಾಧನ ನಿಂತಿದೆ, ಕಂಡ ತೊಂದರೆ ಅದರ ಕಡೆಗೇ ಕೈ ತೋರಿಸುತ್ತಿದೆಯಾ, ಅದು ಇನ್ಯಾವುದಕ್ಕಾದರೂ ಅಡ್ಡಗಾಲು ಹಾಕಿದೆಯಾ, ಇಷ್ಟು ಗೊತ್ತಾದ ಮೇಲೆ ತೆಗೆಯುವ ಮಾತು.

ವೇಬ್ರಿಜ್‌ನಲ್ಲಿ ಆಗಿದ್ದೇನು

ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ಸ್ ಅನ್ನುವ ಸಾಲು ಬಿಚ್ಚಿದೆ. ಕನ್ವರ್ಟರ್ ಹೆಸರಿನ ಮೇಲೆ ಹಳದಿ ತ್ರಿಕೋನ. ಎರಡು ಸಲ ಒತ್ತಿದರೆ ಕೋಡ್ 10, ಅಂದರೆ ಸಾಧನ ಶುರುವಾಗುತ್ತಿಲ್ಲ. ಈ ಕೋಡ್‌ಗಳನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. 28 ಬಂದರೆ ಡ್ರೈವರೇ ಇಲ್ಲ. 45 ಅಂದರೆ ಸಾಧನ ಈಗ ಸಿಕ್ಕಿಸಿಲ್ಲ, ಅದು ದೋಷವೇ ಅಲ್ಲ. 43 ಬಂದರೆ ಸಾಧನವೇ ತೊಂದರೆ ಅಂತ ಹೇಳಿದೆ, ಆಗ ಡ್ರೈವರ್‌ಗಿಂತ ಮೊದಲು ಕೇಬಲ್ ಬದಲಿಸಿ ನೋಡಬೇಕು. 48 ಬಂದರೆ ಆ ಡ್ರೈವರ್ ಸರಿ ಇಲ್ಲ ಅಂತ ವಿಂಡೋಸೇ ತಡೆದಿದೆ. 10 ಮಾತ್ರ ಎರಡೂ ಕಡೆ ವಾಲುವ ಕೋಡ್.

ಡ್ರೈವರ್ ಟ್ಯಾಬ್ ನೋಡಿದೆ. ಹಳೇ ಕನ್ವರ್ಟರ್‌ಗೆ ಹೊಸ ತಾರೀಖಿನ ಡ್ರೈವರ್! ರಾತ್ರಿ ವಿಂಡೋಸ್ ಅಪ್‌ಡೇಟ್ ಬಂದಿದೆ. ಹಳೇ ಚಿಪ್‌ಗೆ ಬೆಂಬಲ ನಿಲ್ಲಿಸಿದ ಹೊಸ ಡ್ರೈವರ್ ತಾನಾಗೇ ಕೂತಿದೆ. ಇದು ಇವರೊಬ್ಬರ ಕಥೆಯಲ್ಲ. ಸೀರಿಯಲ್ ಕನ್ವರ್ಟರ್ ಚಿಪ್‌ಗಳ ನಕಲಿ ಜಗತ್ತಿನ ತುಂಬಾ ಇದೆ. ಹಾಗಾಗಿ ಕಂಪನಿಗಳು ಹೊಸ ಡ್ರೈವರ್‌ನಲ್ಲಿ ನಕಲಿಯನ್ನೂ ತಮ್ಮ ಹಳೇ ಚಿಪ್‌ಗಳನ್ನೂ ಒಟ್ಟಿಗೇ ಹೊರಗೆ ಹಾಕಿದ್ದುಂಟು. 2014ರಲ್ಲಿ ಇಂಥ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್ ಒಂದು ವಿಂಡೋಸ್ ಅಪ್‌ಡೇಟ್ ಮೂಲಕ ಬಂದು ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತ್ತು. ದೊಡ್ಡ ಗಲಾಟೆ ಆದ ಮೇಲೆ ಅದನ್ನು ವಾಪಸ್ ತೆಗೆದುಕೊಂಡರು.

ಸರಿ, ರೋಲ್ ಬ್ಯಾಕ್ ಡ್ರೈವರ್ ಒತ್ತಿದರಾಯಿತು ಅಲ್ವಾ? ಆ ಬಟನ್ ಮಂಕಾಗಿತ್ತು, ಒತ್ತಲು ಬರುತ್ತಿರಲಿಲ್ಲ. ಯಾಕೆ ಅಂತ ಹುಡುಗನನ್ನು ಕೇಳಿದೆ. "ಹಿಂದಿನ ಪೋರ್ಟ್ ಕೆಟ್ಟಿರಬೇಕಂತ ಮುಂದಿನದಕ್ಕ ಹಾಕೇನ್ರಿ" ಅಂದ. ಅಲ್ಲಿಗೆ ಅರ್ಥವಾಯಿತು. ಈ ಅಗ್ಗದ ಕನ್ವರ್ಟರ್‌ಗಳ ಒಳಗೆ ಸೀರಿಯಲ್ ನಂಬರ್ ಇರುವುದಿಲ್ಲ. ಬೇರೆ ಪೋರ್ಟ್‌ಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಸಾಧನ ಅಂದುಕೊಳ್ಳುತ್ತದೆ. ಹೊಸ ಸಾಧನಕ್ಕೆ ಹಿಂದಿನ ಡ್ರೈವರ್ ಅನ್ನುವುದೇ ಇಲ್ಲವಲ್ಲ, ವಾಪಸ್ ಹೋಗುವುದು ಎಲ್ಲಿಗೆ?

ಅದಕ್ಕೆ ಇನ್ನೊಂದು ದಾರಿ ಇದೆ. ಅಪ್‌ಡೇಟ್ ಡ್ರೈವರ್ ಒತ್ತಿ. ನನ್ನ ಕಂಪ್ಯೂಟರ್‌ನಲ್ಲಿ ಹುಡುಕು ಅನ್ನುವುದನ್ನು ಆರಿಸಿ. ಅದರ ಕೆಳಗೆ, ಇರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಅನ್ನುವ ಸಾಲಿದೆ, ಅದನ್ನು ಒತ್ತಿ. ಒಂದೇ ಹೆಸರಿನ ಎರಡು ಡ್ರೈವರ್ ಅಲ್ಲಿ ಕಂಡವು. ಒಂದು ನಿನ್ನೆ ಬಂದದ್ದು. ಇನ್ನೊಂದು 2008ರದ್ದು. 2008ರದ್ದನ್ನು ಆರಿಸಿ ನೆಕ್ಸ್ಟ್ ಒತ್ತಿದೆ. ಹಳದಿ ತ್ರಿಕೋನ ಮಾಯ.

ಈ ಪಟ್ಟಿಯ ಬಗ್ಗೆ ಒಂದು ಮಾತು. ಆ 2008ರ ಡ್ರೈವರ್ ಅಲ್ಲಿ ಇನ್ನೂ ಇದ್ದದ್ದು ಯಾಕೆಂದರೆ ಯಾರೂ ಅದನ್ನು 'ಕ್ಲೀನ್' ಮಾಡಿರಲಿಲ್ಲ. ವಿಂಡೋಸ್ ತಾನು ಹಾಕಿಕೊಂಡ ಪ್ರತಿ ಡ್ರೈವರ್‌ನ ಒಂದು ಪ್ರತಿಯನ್ನು ಡ್ರೈವರ್ ಸ್ಟೋರ್ ಅನ್ನುವ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕ್ ಕ್ಲೀನಪ್‌ನಲ್ಲಿ ಡಿವೈಸ್ ಡ್ರೈವರ್ ಪ್ಯಾಕೇಜಸ್ ಅಂತ ಒಂದು ಸಾಲಿದೆ. ಅದಕ್ಕೆ ಟಿಕ್ ಹಾಕಿದರೆ ಹೋಗುವುದು ಇಂಥ ಹಿಂದಿನ ಪ್ರತಿಗಳೇ. ಆ ಹುಡುಗ ಇನ್ನೊಂದು ಅರ್ಧ ಗಂಟೆ ವಿಡಿಯೋ ನೋಡಿದ್ದರೆ ನಾನು ಆ ದಿನ ಹಳೇ ಸಿಡಿ ಹುಡುಕಿಕೊಂಡು ಊರೆಲ್ಲ ತಿರುಗಬೇಕಿತ್ತು.

ಕಾಮ್ 3 ಎಲ್ಲಿಗೆ ಹೋಯಿತು?

ತ್ರಿಕೋನ ಹೋಯಿತು, ತೂಕ ಮಾತ್ರ ಬರಲಿಲ್ಲ. ತೂಕದ ಸಾಫ್ಟ್‌ವೇರ್ ಕಾಮ್ 3 ಅನ್ನುವ ಪೋರ್ಟ್‌ನಲ್ಲಿ ಕಾಯುತ್ತಿತ್ತು. ಕನ್ವರ್ಟರ್ ಕಾಮ್ 11ಕ್ಕೆ ಹೋಗಿ ಕೂತಿತ್ತು. ಬದಲಿಸಲು ಹೋದರೆ ಕಾಮ್ 3 ಬಳಕೆಯಲ್ಲಿದೆ ಅನ್ನುತ್ತದೆ. ಬಳಸುತ್ತಿರುವವರು ಯಾರು? ಯಾರೂ ಕಾಣುವುದಿಲ್ಲ.

ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿದೆ. ಪೋರ್ಟ್ಸ್ ಸಾಲಿನಲ್ಲಿ ಮಂಕಾದ ಎಂಟು ಹೆಸರು ಎದ್ದು ಬಂದವು. ಎಲ್ಲವೂ ಇದೇ ಕನ್ವರ್ಟರ್! ಇಷ್ಟು ವರ್ಷಗಳಲ್ಲಿ ಯಾವ್ಯಾವ ಪೋರ್ಟ್‌ಗೆ, ಯಾವ್ಯಾವ ಹಬ್‌ಗೆ ಸಿಕ್ಕಿಸಿದ್ದರೋ ಅಷ್ಟಕ್ಕೂ ಒಂದೊಂದು ನೆನಪು ಉಳಿದಿದೆ. ನಾವು ಇವನ್ನು ದೆವ್ವಗಳು ಅನ್ನುತ್ತೇವೆ. ಒಂದೊಂದು ದೆವ್ವ ಒಂದೊಂದು ಕಾಮ್ ನಂಬರ್ ಹಿಡಿದುಕೊಂಡು ಕೂತಿರುತ್ತದೆ.

ಇವನ್ನು ಓಡಿಸಬಹುದು. ಮಂಕಾದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಿದರೆ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರೊಳಗೆ ಒಂದು ಟಿಕ್ ಬಾಕ್ಸ್ ಇದೆ. ಈ ಸಾಧನದ ಡ್ರೈವರನ್ನೂ ತೆಗೆ ಅಂತ ಅದರ ಅರ್ಥ. ಇಲ್ಲಿ ಒಂದು ಕ್ಷಣ ನಿಲ್ಲಿ. ಟಿಕ್ ಹಾಕದಿದ್ದರೆ ಹೋಗುವುದು ಆ ದೆವ್ವ ಮಾತ್ರ. ಟಿಕ್ ಹಾಕಿದರೆ ಸ್ಟೋರ್‌ನಲ್ಲಿರುವ ಡ್ರೈವರ್ ಪ್ಯಾಕೇಜನ್ನೂ ಕೀಳಲು ನೋಡುತ್ತದೆ. ನಮ್ಮ ಎಂಟೂ ದೆವ್ವಗಳು ನಿಂತದ್ದು ಅದೇ ಕನ್ವರ್ಟರ್‌ನ ಡ್ರೈವರ್ ಮೇಲೆ. ಆ ಟಿಕ್ ಹಾಕಿದ್ದರೆ ಈಗ ತಾನೇ ಬದುಕಿಸಿದ್ದನ್ನು ನಾನೇ ಸಾಯಿಸಿದಂತೆ ಆಗುತ್ತಿತ್ತು.

ಟಿಕ್ ಇಲ್ಲದೆ ಎಂಟನ್ನೂ ತೆಗೆದೆ. ಕನ್ವರ್ಟರ್‌ನ ಪೋರ್ಟ್ ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ ಅಡ್ವಾನ್ಸ್ಡ್ ಒತ್ತಿ ಕಾಮ್ 3 ಆರಿಸಿದೆ. ತೂಕ ಬಂತು. ಮೊದಲ ಲಾರಿ ಕಟ್ಟೆ ಇಳಿಯಿತು.

ಆದರೆ ಕೆಲಸ ಮುಗಿದಿಲ್ಲ. ಇವತ್ತು ರಾತ್ರಿ ಅಪ್‌ಡೇಟ್ ಮತ್ತೆ ಬರುತ್ತದಲ್ಲ? ಇಲ್ಲಿ ತೆಗೆಯಬೇಕಾದದ್ದು ಹೊಸ ಡ್ರೈವರ್. ಅದನ್ನು ತೆಗೆದು, ಮತ್ತೆ ಬರದಂತೆ ಬಾಗಿಲು ಹಾಕಿದೆ. ಕಂಟ್ರೋಲ್ ಪ್ಯಾನಲ್‌ನ ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಹಾರ್ಡ್‌ವೇರ್ ಟ್ಯಾಬ್ ಇದೆ. ಅಲ್ಲಿ ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್ ಒಳಗೆ 'ನೋ' ಕೊಟ್ಟೆ. ವಿಂಡೋಸ್ ಪ್ರೊ ಇದ್ದವರಿಗೆ ಗ್ರೂಪ್ ಪಾಲಿಸಿಯಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬೇಡ ಅನ್ನುವ ನೇರ ಆಯ್ಕೆಯೇ ಇದೆ. ಅದು ಇನ್ನೂ ಗಟ್ಟಿ.

ತೆಗೆಯುವ ಮೊದಲು ಹತ್ತು ನಿಮಿಷ

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು.

ಮೊದಲು ರಿಸ್ಟೋರ್ ಪಾಯಿಂಟ್ ಮಾಡಿ, ಅಂದರೆ ತಪ್ಪಾದರೆ ವಿಂಡೋಸ್ ವಾಪಸ್ ಹೋಗಬಹುದಾದ ಒಂದು ಗುರುತು. ಬಹಳ ಕಂಪ್ಯೂಟರ್‌ಗಳಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಆಗೇ ಇರುತ್ತದೆ. ಆನ್ ಇದೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ಮಾಡಿ. ಲ್ಯಾಪ್‌ಟಾಪ್ ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಎಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಏನಾದರೂ ಎಡವಟ್ಟಾಗಿ ಸೇಫ್ ಮೋಡ್‌ಗೆ ಹೋಗಬೇಕಾದಾಗ ನೀಲಿ ಪರದೆ 48 ಅಂಕಿ ಕೇಳುತ್ತದೆ. ಆಗ ಹುಡುಕಲು ಕೂತರೆ ಬೆವರು ಬರುತ್ತದೆ.

ಎರಡನೆಯದು ಎಲ್ಲ ಡ್ರೈವರ್‌ಗಳ ಪ್ರತಿ. ಡಿ ಡ್ರೈವ್‌ನಲ್ಲಿ ಡ್ರೈವರ್ಸ್ ಅಂತ ಒಂದು ಫೋಲ್ಡರ್ ಮೊದಲೇ ಮಾಡಿಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಡ್ರೈವರ್‌ಗಳನ್ನು ನೋಡಿಕೊಳ್ಳಲು ವಿಂಡೋಸ್‌ನಲ್ಲೇ ಇರುವ ಕಮಾಂಡ್ ಪಿಎನ್‌ಪಿಯುಟಿಲ್, ಒಂದೇ ಪದ. ಸ್ಪೇಸ್. ಸ್ಲ್ಯಾಷ್ ಎಕ್ಸ್‌ಪೋರ್ಟ್ ಹೈಫನ್ ಡ್ರೈವರ್. ಸ್ಪೇಸ್. ಸ್ಟಾರ್. ಸ್ಪೇಸ್. ಡಿ ಕೋಲನ್ ಬ್ಯಾಕ್‌ಸ್ಲ್ಯಾಷ್ ಡ್ರೈವರ್ಸ್. ಎಂಟರ್. ಹೊರಗಿನಿಂದ ಬಂದ ಡ್ರೈವರ್‌ಗಳೆಲ್ಲ ಒಂದೊಂದಾಗಿ ಆ ಫೋಲ್ಡರಿಗೆ ಇಳಿಯುತ್ತವೆ. ಅದನ್ನು ಪೆನ್‌ಡ್ರೈವ್‌ಗೂ ಹಾಕಿಕೊಳ್ಳಿ. ಇದೊಂದು ಇದ್ದರೆ ಮುಂದೆ ಏನು ತಪ್ಪಾದರೂ ವಾಪಸ್ ತರಬಹುದು.

ಇನ್ನು ಪಟ್ಟಿ. ಪಿಎನ್‌ಪಿಯುಟಿಲ್, ಸ್ಲ್ಯಾಷ್ ಎನಮ್ ಹೈಫನ್ ಡ್ರೈವರ್ಸ್. ಪ್ರತಿಯೊಂದಕ್ಕೂ ಓಇಎಂ 5 ಡಾಟ್ ಐಎನ್‌ಎಫ್, ಓಇಎಂ 27 ಡಾಟ್ ಐಎನ್‌ಎಫ್ ಅಂತ ಒಂದು ಹೆಸರು, ಜೊತೆಗೆ ಮೂಲ ಫೈಲ್ ಹೆಸರು, ಕಂಪನಿ, ತಾರೀಖು. ವಿಂಡೋಸ್‌ನ ಸ್ವಂತ ಡ್ರೈವರ್‌ಗಳು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಕಣ್ಣು ಹಾಯಿಸುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಪಟ್ಟಿ ಉದ್ದ ಇದೆ ಅಂತ ಗಾಬರಿ ಬೇಡ. ಸ್ಟೋರ್‌ನಲ್ಲಿ ಬಿದ್ದಿರುವ ಡ್ರೈವರ್ ಗೋದಾಮಿನ ಮೂಲೆಯ ಚೀಲ ಇದ್ದ ಹಾಗೆ. ಜಾಗ ಹಿಡಿಯುತ್ತದೆ, ಅಷ್ಟೆ. ಮೆಮೊರಿ ತಿನ್ನುವುದಿಲ್ಲ, ಕಂಪ್ಯೂಟರನ್ನು ನಿಧಾನ ಮಾಡುವುದಿಲ್ಲ. ಕೆಲಸ ಮಾಡುತ್ತಿರುವ ಡ್ರೈವರ್‌ಗಳೇ ಬೇರೆ. ಸಿಸ್ಟಮ್ ಸ್ಲೋ ಆಗಿದೆ, ಹಳೇ ಡ್ರೈವರ್ ತೆಗೆದುಕೊಡಿ ಅಂತ ಬರುವವರಿಗೆ ನಾನು ಮೊದಲು ಎಸ್‌ಎಸ್‌ಡಿ ಇದೆಯಾ ಅಂತ ಕೇಳುತ್ತೇನೆ.

ಜಾಗಕ್ಕಾಗಿಯೇ ತೆಗೆಯುವುದಾದರೆ ಗ್ರಾಫಿಕ್ಸ್ ಕಾರ್ಡ್‌ನ ಹಿಂದಿನ ಆವೃತ್ತಿಗಳನ್ನು ನೋಡಿ, ದೊಡ್ಡವು ಅವೇ. ಆದರೂ ಒಂದು ಹಿಂದಿನದನ್ನು ಉಳಿಸಿಕೊಳ್ಳಿ. ಡ್ರೈವರ್ ಸ್ಟೋರ್ ಫೋಲ್ಡರಿಗೆ ನೇರವಾಗಿ ಹೋಗಿ ಡಿಲೀಟ್ ಒತ್ತುವುದು ಮಾತ್ರ ಬೇಡವೇ ಬೇಡ. ಫೈಲ್ ಹೋಗುತ್ತದೆ, ಅದರ ಲೆಕ್ಕ ವಿಂಡೋಸ್ ಬಳಿ ಹಾಗೇ ಉಳಿಯುತ್ತದೆ. ಆಮೇಲೆ ಆ ಗಂಟು ಬಿಚ್ಚುವುದು ನನ್ನಂಥವನ ತಲೆನೋವು.

ಇನ್ನೊಂದು 2008, ಅದನ್ನು ತೆಗೆದೆ

ವೇಬ್ರಿಜ್ ಆಗಿ ಎರಡು ವಾರಕ್ಕೆ ಒಂದು ಫೋಟೋ ಸ್ಟುಡಿಯೋದ ಲ್ಯಾಪ್‌ಟಾಪ್ ಬಂತು. ವಿಂಡೋಸ್ 11. ಗಡಿಯಾರದ ಪಕ್ಕ ಗುರಾಣಿಯ ಗುರುತಿನ ಮೇಲೆ ಹಳದಿ ಚಿಹ್ನೆ, ಹೋಗುತ್ತಲೇ ಇಲ್ಲ. ವೈರಸ್ ಇರಬೇಕು ಅಂತ ಅವರ ಹೆದರಿಕೆ. ಮದುವೆ ಫೋಟೋಗಳೆಲ್ಲ ಅದರಲ್ಲೇ ಇದ್ದವು.

ವಿಂಡೋಸ್ ಸೆಕ್ಯುರಿಟಿ ತೆರೆದು ಡಿವೈಸ್ ಸೆಕ್ಯುರಿಟಿ, ಅದರೊಳಗೆ ಕೋರ್ ಐಸೋಲೇಶನ್‌ಗೆ ಹೋದೆ. ಮೆಮೊರಿ ಇಂಟೆಗ್ರಿಟಿ ಆಫ್ ಇತ್ತು. ಆನ್ ಮಾಡಿದರೆ ಹೊಂದಿಕೊಳ್ಳದ ಡ್ರೈವರ್ ಇದೆ ಅಂತ ನಿಂತುಬಿಟ್ಟಿತು. ವಿವರ ನೋಡಿದರೆ ಒಂದೇ ಹೆಸರು. ಓಇಎಂ 27 ಡಾಟ್ ಐಎನ್‌ಎಫ್, ತಾರೀಖು 2008. ಒಂದು ಹೊರಗಿನ ಹಾರ್ಡ್ ಡಿಸ್ಕ್ ಕಂಪನಿಯದು.

ಮೆಮೊರಿ ಇಂಟೆಗ್ರಿಟಿ ಅಂದರೆ ಸರಳವಾಗಿ ಹೀಗೆ. ವಿಂಡೋಸ್‌ನ ಒಳಮನೆಗೆ, ಅಂದರೆ ಕರ್ನಲ್‌ಗೆ, ಬರುವ ಪ್ರತಿ ಕೋಡನ್ನೂ ಒಂದು ಪ್ರತ್ಯೇಕ ಕಾವಲುಗಾರ ತಪಾಸಣೆ ಮಾಡುತ್ತಾನೆ. ಮೆಮೊರಿಯ ಒಂದೇ ಜಾಗಕ್ಕೆ ಬರೆಯುವುದು, ಅಲ್ಲಿಂದಲೇ ಓಡಿಸುವುದು ಎರಡನ್ನೂ ಮಾಡಲು ಅವನು ಬಿಡುವುದಿಲ್ಲ. ಹಳೇ ಡ್ರೈವರ್‌ಗಳಲ್ಲಿ ಕೆಲವು ಆ ಪದ್ಧತಿಯಲ್ಲೇ ಬರೆದವು. ಅವು ಇದ್ದರೆ ಕಾವಲುಗಾರನನ್ನು ಕೂರಿಸಲು ಆಗುವುದಿಲ್ಲ. ಒಂದು ಡ್ರೈವರ್‌ಗಾಗಿ ಇಡೀ ಮನೆಯ ಬಾಗಿಲು ತೆರೆದೇ ಇರುತ್ತದೆ.

ಇದು ಬರೀ ಭಯ ಹುಟ್ಟಿಸುವ ಮಾತಲ್ಲ. ಡಿಜಿಟಲ್ ಸಹಿ ಇರುವ, ಆದರೆ ಒಳಗೆ ತೂತಿರುವ ಹಳೇ ಡ್ರೈವರನ್ನೇ ಹಿಡಿದು ಕರ್ನಲ್‌ಗೆ ನುಗ್ಗುವುದು ಕಳ್ಳರ ಈಗಿನ ದಾರಿ. ಮೈಕ್ರೋಸಾಫ್ಟ್ ತಾನೇ ಇದಕ್ಕೆ ಸಿಕ್ಕಿಬಿದ್ದಿತು. ವಿಂಡೋಸ್ ಜೊತೆ ವರ್ಷಾನುಗಟ್ಟಲೆ ಬರುತ್ತಿದ್ದ ಅಗೇರ್ ಫ್ಯಾಕ್ಸ್ ಮೋಡೆಮ್ ಡ್ರೈವರ್‌ನಲ್ಲಿ ಇಂಥ ತೂತು ಸಿಕ್ಕಿತು. ಮೋಡೆಮ್ ಇಲ್ಲದ, ಬಳಸದ ಕಂಪ್ಯೂಟರ್‌ಗೂ ಅಪಾಯ ಇತ್ತು. ಕಳ್ಳರು ಅದನ್ನು ಬಳಸುತ್ತಲೂ ಇದ್ದರು. 2025ರ ಅಕ್ಟೋಬರ್ 14ರ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ರಿಪೇರಿ ಮಾಡಲು ಹೋಗಲಿಲ್ಲ, ಡ್ರೈವರನ್ನೇ ಕಿತ್ತುಹಾಕಿತು. ಅದನ್ನೇ ನಂಬಿದ್ದ ಫ್ಯಾಕ್ಸ್ ಮೋಡೆಮ್‌ಗಳು ಅಂದಿನಿಂದ ಬಂದ್. ವಿಂಡೋಸ್ 10ರ ಬೆಂಬಲ ಮುಗಿದದ್ದೂ ಅದೇ ದಿನ.

ಹಾಗಂತ ಸ್ಟುಡಿಯೋದ ಓಇಎಂ 27 ಅನ್ನು ಆ ಕ್ಷಣವೇ ತೆಗೆಯಲಿಲ್ಲ. ಅದರ ಕೆಲಸ ಏನು ಅಂತ ಗೊತ್ತಾಗಬೇಕಲ್ಲ. ಅವರ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಹತ್ತು ವರ್ಷದ ಮದುವೆಗಳಿವೆ. ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಈ ಡ್ರೈವರ್ ಇಲ್ಲ. ಫೋಟೋಗಳೆಲ್ಲ ತೆರೆದವು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್ ನಿಂತಿದ್ದು ವಿಂಡೋಸ್‌ನ ಸ್ವಂತ ಡ್ರೈವರ್ ಮೇಲೆ, ಅದೇ 2006ರ ತಾರೀಖಿನದು! ಕಂಪನಿಯ ಡ್ರೈವರ್ ಇದ್ದದ್ದು ಡಬ್ಬಿಯ ದೀಪ, ಬಟನ್ನು ಇಂಥ ಮೇಲಿನ ಸೌಕರ್ಯಕ್ಕೆ. ಫೋಟೋಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ತೆಗೆಯಬಹುದು. ಪಿಎನ್‌ಪಿಯುಟಿಲ್, ಸ್ಲ್ಯಾಷ್ ಡಿಲೀಟ್ ಹೈಫನ್ ಡ್ರೈವರ್, ಸ್ಪೇಸ್, ಓಇಎಂ 27 ಡಾಟ್ ಐಎನ್‌ಎಫ್. ಕೊಟ್ಟೆ. ಆಗಲಿಲ್ಲ. ಈ ಡ್ರೈವರ್ ಮೇಲೆ ಒಂದೋ ಹೆಚ್ಚೋ ಸಾಧನಗಳು ಇವೆ ಅಂತ ಬಂತು. ಈ ಸಾಲು ಬಂದರೆ ಬಹಳ ಜನ ಹಿಂದೆ ಫೋರ್ಸ್ ಅಂತ ಸೇರಿಸಿ ಮತ್ತೆ ಹೊಡೆಯುತ್ತಾರೆ. ನಾನು ಮಾಡುವುದಿಲ್ಲ. ಅದು ಬೈಗುಳ ಅಲ್ಲ, ಸುಳಿವು. ಹಿಡನ್ ಡಿವೈಸಸ್ ತೋರಿಸಿ ಹುಡುಕಿದರೆ ಸಿಸ್ಟಮ್ ಡಿವೈಸಸ್‌ನಲ್ಲಿ ಅದೇ ಕಂಪನಿಯ ಹೆಸರಿನ ಎರಡು ಮಂಕಾದ ದೆವ್ವಗಳು. ಅವನ್ನು ತೆಗೆದು ಅದೇ ಕಮಾಂಡ್ ಮತ್ತೆ ಕೊಟ್ಟೆ. ಸಲೀಸಾಗಿ ಹೋಯಿತು.

ರಿಸ್ಟಾರ್ಟ್ ಮಾಡಿ, ಮೆಮೊರಿ ಇಂಟೆಗ್ರಿಟಿ ಆನ್ ಮಾಡಿ, ಇನ್ನೊಮ್ಮೆ ರಿಸ್ಟಾರ್ಟ್. ಗುರಾಣಿ ಹಸಿರಾಯಿತು. ಡಿಸ್ಕ್ ಹಾಕಿದೆವು. ಯಾರದೋ 2014ರ ಅರಿಶಿನ ಶಾಸ್ತ್ರದ ಫೋಟೋ ತೆರೆಯಿತು. ಆಗಲೇ ಬಿಲ್ ಬರೆದೆ.

ಪ್ರಿಂಟರ್, ನೀಲಿ ಪರದೆ

ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ಪ್ರಿಂಟರ್ ಕಾಪಿ 1, ಕಾಪಿ 2 ಅಂತ ನಾಲ್ಕು ಸಲ ಕಾಣುತ್ತದೆ. ಇದೂ ಪೋರ್ಟ್ ಬದಲಿಸಿದ್ದರ ಫಲ. ಮಂಕಾದದ್ದನ್ನು ತೆಗೆದರೆ ಸಾಕು, ಡ್ರೈವರ್ ಮುಟ್ಟುವುದು ಬೇಡ.

ಡ್ರೈವರೇ ಕೆಟ್ಟು ಪ್ರಿಂಟ್ ಬದಲು ಕಸದ ಅಕ್ಷರಗಳು ಬರುತ್ತಿದ್ದರೆ, ವಿಂಡೋಸ್ ಕೀ ಜೊತೆ ಆರ್ ಒತ್ತಿ ಪ್ರಿಂಟ್‌ಯುಐ, ಸ್ಪೇಸ್, ಸ್ಲ್ಯಾಷ್ ಎಸ್, ಸ್ಪೇಸ್, ಸ್ಲ್ಯಾಷ್ ಟಿ 2 ಅಂತ ಕೊಡಿ. ಡ್ರೈವರ್‌ಗಳ ಪಟ್ಟಿ ಬರುತ್ತದೆ. ತೆಗೆಯಲು ಹೋದರೆ ಡ್ರೈವರ್ ಮಾತ್ರವಾ, ಪ್ಯಾಕೇಜೂ ಸೇರಿಯಾ ಅಂತ ಕೇಳುತ್ತದೆ. ಪ್ಯಾಕೇಜ್ ಕೀಳುವ ಮೊದಲು ಅದರ ಸಿಡಿಯೋ ಫೈಲೋ ಕೈಯಲ್ಲಿರಲಿ. ಬಳಕೆಯಲ್ಲಿದೆ ಅಂದರೆ ಸರ್ವಿಸಸ್‌ನಲ್ಲಿ ಪ್ರಿಂಟ್‌ಗಳ ಸಾಲು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ರಿಸ್ಟಾರ್ಟ್ ಮಾಡಿ, ಯಾರಾದರೂ ಪ್ರಿಂಟ್ ಕೊಡುವ ಮೊದಲೇ ತಟ್ಟನೆ ತೆಗೆಯಿರಿ. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಹಳೇ ಪ್ರಿಂಟರ್ ಇಟ್ಟುಕೊಂಡವರು ಅದರ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಜೋಪಾನ ಮಾಡಿಕೊಳ್ಳಿ.

ನೀಲಿ ಪರದೆ ಬಂದಾಗಲೂ ಡ್ರೈವರ್ ಮೇಲೆ ಅನುಮಾನ ಸಹಜ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ಮಿನಿಡಂಪ್ ಅಂತ ಒಂದಿದೆ. ಪ್ರತಿ ಸಲ ಬಿದ್ದಾಗಲೂ ಒಂದು ಫೈಲ್ ಬರೆದಿಟ್ಟಿರುತ್ತದೆ. ಇಂಥ ಫೈಲ್ ಓದುವ ಸಾಫ್ಟ್‌ವೇರ್‌ಗಳಾದ ವಿನ್‌ಡಿಬಿಜಿಯಲ್ಲೋ ಬ್ಲೂಸ್ಕ್ರೀನ್‌ವ್ಯೂನಲ್ಲೋ ತೆರೆದರೆ ಯಾವ ಫೈಲ್ ಕಾರಣ ಅಂತ ಹೇಳುತ್ತದೆ. ಎನ್‌ಟಿಓಎಸ್ ಕರ್ನಲ್ ಅಂತ ಬಂದರೆ ನಂಬಬೇಡಿ. ಅದು ಹೆಣ ಸಿಕ್ಕ ಮನೆ, ಕೊಂದವನ ಮನೆಯಲ್ಲ. ಒಂದೇ ಡಂಪ್ ನೋಡಿ ನಾನು ತೀರ್ಪು ಕೊಡುವುದಿಲ್ಲ. ಮೂರರಲ್ಲಿ ಅದೇ ಡ್ರೈವರ್ ಹೆಸರು ಬಂದರೆ ಆಗ ಅದನ್ನು ಡಿಸೇಬಲ್ ಮಾಡಿ ಒಂದು ವಾರ ಬಿಟ್ಟು ನೋಡುತ್ತೇನೆ. ಬೇರೆ ಬೇರೆ ಹೆಸರು ಬರುತ್ತಿದ್ದರೆ ಅದು ಡ್ರೈವರ್ ಅಲ್ಲ, ರ‍್ಯಾಮ್ ಇರಬಹುದು. ಮೊದಲು ಅದನ್ನು ಪರೀಕ್ಷೆ ಮಾಡಿ.

ಡಿಸೇಬಲ್ ಅನ್ನುವುದನ್ನು ಜನ ಮರೆತೇಬಿಟ್ಟಿದ್ದಾರೆ. ಯಾವುದೇ ಡ್ರೈವರ್ ಮೇಲೆ ಅನುಮಾನ ಬಂದರೂ ಮೊದಲು ಅದರ ಸಾಧನವನ್ನು ಮಲಗಿಸಿ ನೋಡಿ. ತೊಂದರೆ ನಿಂತರೆ ಆಮೇಲೆ ತೆಗೆಯೋಣ. ನಿಲ್ಲದಿದ್ದರೆ ಒಂದು ಕ್ಲಿಕ್‌ನಲ್ಲಿ ಎಬ್ಬಿಸಬಹುದು. ಕೀಬೋರ್ಡ್, ಮೌಸ್, ಡಿಸ್ಕ್ ಕಂಟ್ರೋಲರ್ ಬಿಟ್ಟು ಹೆಚ್ಚುಕಮ್ಮಿ ಎಲ್ಲದಕ್ಕೂ ಇದು ನಡೆಯುತ್ತದೆ.

ವೇಬ್ರಿಜ್‌ಗೆ ಮೊನ್ನೆ ಮತ್ತೆ ಹೋಗಿದ್ದೆ, ಪ್ರಿಂಟರ್ ರಿಬ್ಬನ್ ಕೊಡಲು. ಆ ದಿನವೇ ಹೇಳಿದ್ದೆ, ಹಳೇ ಡ್ರೈವರ್ ಎಷ್ಟು ದಿನ ಎಳೆಯುತ್ತದೋ ಗೊತ್ತಿಲ್ಲ, ಹೊಸ ಕನ್ವರ್ಟರ್ ತರಿಸಿಡಿ ಅಂತ. ತರಿಸಿದ್ದಾರೆ. ಪ್ಯಾಕ್ ಬಿಚ್ಚದೆ ಡ್ರಾದಲ್ಲಿ ಸ್ಲಿಪ್ ಪುಸ್ತಕಗಳ ಕೆಳಗೆ ಬಿದ್ದಿದೆ. ಹಳೇದು ಅದೇ ಪೋರ್ಟ್‌ನಲ್ಲಿ ಇದೆ. ಅಕ್ಕನ ಮಗ ಅದರ ಮೇಲೆ ಒಂದು ಚೀಟಿ ಅಂಟಿಸಿದ್ದಾನೆ, ಸ್ಕೆಚ್ ಪೆನ್ನಿನಲ್ಲಿ: "ಕಾಮ್ 3. ಮುಟ್ಟಬ್ಯಾಡ್ರಿ."